ಸುಟ್ಟೋದ ದೊಡ್ಡ ಟ್ರಾನ್ಸ್‌ಫಾರ್ಮರ್ ದುಡ್ಡು ಕೊನೆಗೆ ಯಾರ ತಲೆ ಮೇಲೆ? ನಮ್ಮ ಬಿಲ್ಲಿಗೇನಾ?

ತೆಂಗಿನತೋಟ
ನಮಸ್ಕಾರ ಎಲ್ರಿಗೂ. ಹೈವೇಲಿ ಒಂದು ಉದ್ದನೆ ಟ್ರೈಲರ್ ಮೇಲೆ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಹೋಗ್ತಿತ್ತು, ಹಿಂದೆ ಟ್ರಾಫಿಕ್ ಎಲ್ಲ ನಿಂತಿತ್ತು. ಯಾವುದೋ 220 ಕೆವಿ ಸ್ಟೇಷನ್ನಲ್ಲಿ ಹಳೇದು ಸುಟ್ಟೋಗಿದೆ ಅದಕ್ಕೆ ಹೊಸದು ಅಂತ ಹೇಳಿದ್ರು. ಕೋಟಿಗಟ್ಲೆ ಆಗುತ್ತಂತೆ. ನನ್ನ ಪ್ರಶ್ನೆ ಇಷ್ಟೇ: ಆ ಹಳೇ ಟ್ರಾನ್ಸ್‌ಫಾರ್ಮರ್‌ಗೆ ನಾವು ವರ್ಷಾನುಗಟ್ಲೆ ಬಿಲ್ಲಲ್ಲಿ ದುಡ್ಡು ಕಟ್ಟಿದೀವಿ ಅಲ್ವಾ, ಈಗ ಹೊಸದಕ್ಕೂ ನಾವೇ ಕಟ್ಬೇಕಾ? ಇನ್ಶೂರೆನ್ಸ್ ಇರಲ್ವಾ? ಯಾರ ತಪ್ಪಿಂದ ಸುಟ್ಟಿತು ಅಂತ ಯಾರಾದ್ರೂ ಕೇಳ್ತಾರಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಬೈಬೇಡಿ.

ಸುಮ್ನೆ_ನೋಡ್ತೀನಿ
ನೀವೇ ಕಟ್ತೀರ. ನಾನೂ ಕಟ್ತೀನಿ. ಮುಂದಿನ ಪ್ರಶ್ನೆ ಕೇಳಿ.

ನಿವೃತ್ತ ಎಇಇ
ಅಷ್ಟು ಸುಲಭವಾಗಿ ಮುಗಿಸ್ಬೇಡಿ ಸ್ವಾಮಿ. ನನ್ನ ಸರ್ವೀಸ್ ಪೂರ್ತಿ ಸ್ಟೇಷನ್ಗಳಲ್ಲೇ ಕಳೆದಿದೀನಿ, ಹೇಳ್ತೀನಿ ಕೇಳಿ.

ಮೊದಲು ನೋಡೋದು ಗ್ಯಾರಂಟಿ ಪೀರಿಯಡ್ ಇದೆಯಾ ಅಂತ. ಇದ್ರೆ ತಯಾರು ಮಾಡಿದ ಕಂಪನಿನೇ ವಾಪಸ್ ತಗೊಂಡು ಹೋಗಿ ರಿಪೇರಿ ಮಾಡ್ಕೊಡ್ಬೇಕು ಇಲ್ಲ ಹೊಸದು ಕೊಡ್ಬೇಕು. ಗ್ಯಾರಂಟಿ ಮುಗಿದಿದ್ರೆ ಇನ್ಶೂರೆನ್ಸ್ ಇದೆಯಾ ಅಂತ. ಅದೂ ಇಲ್ಲ ಅಂದ್ರೆ ಅಥವಾ ಸಾಲಲ್ಲ ಅಂದ್ರೆ ಕಂಪನಿ ತನ್ನ ಕೈಯಿಂದ ಹಾಕಿ ಆಮೇಲೆ ಕರೆಂಟ್ ದರ ತೀರ್ಮಾನ ಮಾಡೋ ಆಯೋಗದ ಮುಂದೆ ಲೆಕ್ಕ ಇಡುತ್ತೆ. ರಾಜ್ಯದೊಳಗಿನ ಲೈನು ಸ್ಟೇಷನ್ನು ರಾಜ್ಯದ ಪ್ರಸರಣ ಕಂಪನಿ ಕೆಪಿಟಿಸಿಎಲ್‌ದಾದ್ರೆ ರಾಜ್ಯದ ಆಯೋಗ ಕೆಇಆರ್‌ಸಿ, ರಾಜ್ಯ ದಾಟೋ ಕೇಂದ್ರದ ಕಂಪನಿ ಪವರ್‌ಗ್ರಿಡ್ ಲೈನಾದ್ರೆ ದಿಲ್ಲಿಯ ಕೇಂದ್ರ ಆಯೋಗ ಸಿಇಆರ್‌ಸಿ. ಅವರು ಪ್ರುಡೆನ್ಸ್ ಚೆಕ್ ಅಂತ ಮಾಡ್ತಾರೆ, ಅಂದ್ರೆ ಈ ಖರ್ಚು ನಿಜವಾಗ್ಲೂ ಬೇಕಿತ್ತಾ, ರೇಟು ಸರಿ ಇದೆಯಾ ಅಂತ. ಒಪ್ಪಿದ್ರೆ ಮಾತ್ರ ಟ್ಯಾರಿಫ್‌ಗೆ ಬರುತ್ತೆ. ಒಪ್ಪಲಿಲ್ಲ ಅಂದ್ರೆ ಕಂಪನಿ ಹೊಟ್ಟೆಗೆ ಹಾಕ್ಕೋಬೇಕು.

ಬೋರ್‌ವೆಲ್ ಬಸ್ಯಾ
ಇದೆಲ್ಲಾ ದೊಡ್ಡ ಮಾತ್ರೀ. ನಮ್ಮ ಕಡೆ ಟಿಸಿ, ಅಂದ್ರ ಕಂಬದ ಮ್ಯಾಲಿನ ಸಣ್ಣ ಟ್ರಾನ್ಸ್‌ಫಾರ್ಮರ್, ಸುಟ್ರ ರೈತರs ಪಟ್ಟಿ ಎತ್ತತಾರ. ಪಂಪ್‌ಸೆಟ್ಟಿಗೆ ಇಷ್ಟು ಅಂತ ರೊಕ್ಕ ಕೂಡಿಸಿ, ಟ್ರ್ಯಾಕ್ಟರ್ ಬಾಡಗಿ ನಾವs ಕೊಟ್ಟು, ಸುಟ್ಟ ಟಿಸಿ ಒಯ್ದು ಹಾಕಿ, ಹೊಸಾದು ಹೇರ್ಕೊಂಡು ಬಂದು, ಕಂಬಕ್ಕ ಏರ್ಸೂದಕ್ಕ ಹುಡುಗೂರ್ನ ನಾವs ಕರ್ಕೊಂಡು ಬಂದು, ಅವ್ರಿಗೆ ಚಹಾ ಊಟ. ಬೆಳಿ ಒಣಗಾಕತ್ತಿದ್ರ ಯಾರು ಕಾಯ್ತಾರ್ರಿ ಆಯೋಗ ಗೀಯೋಗ ಅಂತ. ಯಾರು ಕಟ್ತಾರ ಅಂತ ಕೇಳಿದ್ರಲ್ಲ, ಉತ್ತರ ಸಿಕ್ತೇನು?

ಮಲ್ನಾಡ್ ಮಂಜು
+1 ಬಸಣ್ಣ. ನಮ್ಮಲ್ಲಿ ಟ್ರ್ಯಾಕ್ಟರ್ ಬದಲು ಪಿಕಪ್ ಅಷ್ಟೇ ವ್ಯತ್ಯಾಸ.

ನಿವೃತ್ತ ಎಇಇ
ಬಸವಣ್ಣೋರೆ ನಿಮ್ಮ ಸಂಕಟ ನಿಜ, ಆದ್ರೆ ಅದು ಬೇರೆ ಇದು ಬೇರೆ. ನೀವು ಹೇಳ್ತಿರೋ ಟಿಸಿ ಎಸ್ಕಾಂದು, ವಿತರಣೆ ಕಡೆದು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಅದರಿಂದ ಬೆಸ್ಕಾಂ ಹೆಸ್ಕಾಂ ಮೆಸ್ಕಾಂ ಜೆಸ್ಕಾಂ ಬೇರೆ ಆದ್ವು, ಸೆಸ್ಕ್ ಆಮೇಲೆ. ಈಗ 66 ಕೆವಿಯಿಂದ ಮೇಲಿಂದು ಪ್ರಸರಣ. ನಿಮ್ಮ ಟಿಸಿಗೆ ಕೆಇಆರ್‌ಸಿ ರೂಲ್ಸ್ ಸ್ಪಷ್ಟ ಇದೆ, ಪಟ್ಟಣದಲ್ಲಿ 24 ಗಂಟೆ ಹಳ್ಳೀಲಿ 72 ಗಂಟೆ ಒಳಗೆ ಬದಲಾಯಿಸ್ಬೇಕು, ಖರ್ಚು ಎಸ್ಕಾಂದೇ, ಸಾಗಿಸೋದೂ ಎಸ್ಕಾಂ ಕೆಲಸನೇ. ರೈತರು ಒಂದು ರೂಪಾಯಿ ಕೊಡೋ ಹಾಗಿಲ್ಲ.

ಬೋರ್‌ವೆಲ್ ಬಸ್ಯಾ
ರೂಲ್ಸ್ ಬುಕ್ಕು ಕಳಸ್ರಿ ಸರ್, ಹೊಲದಾಗ ನೆಟ್ಟು ನೀರ ಬರ್ತಾವೇನ್ ನೋಡ್ತೀನಿ.

ಲೆಕ್ಕದ ಅಕ್ಕ
ಬಸವಣ್ಣ 😄

ಮೂಲ ಪ್ರಶ್ನೆಗೆ ಬರ್ತೀನಿ, ನಾನು ಅಕೌಂಟ್ಸ್ ಕಡೆಯವಳು. "ಹಳೇದಕ್ಕೂ ಕಟ್ಟಿ ಹೊಸದಕ್ಕೂ ಕಟ್ತೀವಾ" ಅನ್ನೋದೇ ಇದರಲ್ಲಿ ಕೇಳಬೇಕಾದ ಪ್ರಶ್ನೆ, ಬಹಳ ಜನ ಅದನ್ನ ಕೇಳೋದೇ ಇಲ್ಲ, ಎಲ್ರೂ ಹೊಸದರ ರೇಟ್ ಬಗ್ಗೆನೇ ಮಾತಾಡ್ತಾರೆ.

ಸಿಇಆರ್‌ಸಿ ರೂಲ್ಸ್ ಉದಾಹರಣೆಗೆ ತಗೊಳ್ಳಿ. ಸಬ್‌ಸ್ಟೇಷನ್ ಸಾಮಾನಿಗೆ ಆಯಸ್ಸು 25 ವರ್ಷ, ಲೈನಿಗೆ 35 ವರ್ಷ ಅಂತ ಹಿಡೀತಾರೆ. ಬಂಡವಾಳದಲ್ಲಿ 70 ಭಾಗ ಸಾಲ 30 ಭಾಗ ಈಕ್ವಿಟಿ, ಅಂದ್ರೆ ಕಂಪನಿಯ ಸ್ವಂತ ಹಣ. ನಾವು ಪ್ರತಿ ವರ್ಷ ಕೊಡೋದು ಸವಕಳಿ (2024ಕ್ಕೆ ಮುಂಚಿನ ಯೋಜನೆಗಳಿಗೆ ಮೊದಲ 12 ವರ್ಷ ಶೇ 5.28ರ ಹಾಗೆ), ಸಾಲದ ಬಡ್ಡಿ, ಈಕ್ವಿಟಿ ಮೇಲೆ ಲಾಭ ಶೇ 15.5, ಜೊತೆಗೆ ನಿರ್ವಹಣೆ ಖರ್ಚು. ಈಗ 10ನೇ ವರ್ಷಕ್ಕೇ ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು ಅನ್ಕೊಳ್ಳಿ. ಅದರ ಬೆಲೆಯಲ್ಲಿ ಅರ್ಧ ನಾವು ಸವಕಳಿ ಲೆಕ್ಕದಲ್ಲಿ ಕಟ್ಟಿ ಮುಗಿಸಿದೀವಿ, ಇನ್ನರ್ಧ ಬಾಕಿ. ರೂಲ್ ಏನಂದ್ರೆ ಹಳೇದರ ಮೂಲ ಬೆಲೆನ ಪುಸ್ತಕದಿಂದ ಕಿತ್ತಾಕ್ಬೇಕು, ಅದಕ್ಕೆ ಸಂಬಂಧಪಟ್ಟ ಸಾಲ, ಈಕ್ವಿಟಿ ಎರಡೂ ಕಳೀಬೇಕು. ಇದಕ್ಕೆ ಡಿಕ್ಯಾಪಿಟಲೈಸೇಶನ್ ಅಂತಾರೆ. ಅಂದ್ರೆ ಅವತ್ತಿಂದ ಸುಟ್ಟೋದದ್ದರ ಮೇಲೆ ಲಾಭ ಬಡ್ಡಿ ಏನೂ ಇಲ್ಲ. ಹೊಸದನ್ನ ಆಯೋಗ ಒಪ್ಪಿದ್ರೆ ಸೇರಿಸ್ತಾರೆ. ಹಾಗಾಗಿ ಸರಿಯಾಗಿ ಲೆಕ್ಕ ಮಾಡಿದ್ರೆ ಡಬಲ್ ಕಟ್ಟಲ್ಲ. ಸರಿಯಾಗಿ ಮಾಡಿದ್ರೆ.

ಹುಬ್ಬಳ್ಳಿ ಎಕ್ಸ್‌ಪ್ರೆಸ್
"ಸರಿಯಾಗಿ ಮಾಡಿದ್ರೆ" ಅನ್ನೋದ್ರಾಗ ಎಲ್ಲಾ ಬಂತ್ ನೋಡ್ರಿ ಅಕ್ಕಾರ.

ತೆಂಗಿನತೋಟ
ಅಕ್ಕಾ ಥ್ಯಾಂಕ್ಸ್, ಈಗ ಸ್ವಲ್ಪ ತಲೆಗೆ ಹೋಯ್ತು. ಆದ್ರೆ ನನ್ನ ಬಿಲ್ಲಿಗೆ ಎಷ್ಟು ಬೀಳುತ್ತೆ? ಒಂದು ಅಂದಾಜು?

ಲೆಕ್ಕದ ಅಕ್ಕ
ಸುಮ್ನೆ ಲೆಕ್ಕಕ್ಕೆ ಹೊಸದು 10 ಕೋಟಿ ಅನ್ಕೊಳ್ಳಿ. ಈಕ್ವಿಟಿ 3 ಕೋಟಿ ಮೇಲೆ 15.5 ಅಂದ್ರೆ 46.5 ಲಕ್ಷ. ಸವಕಳಿ 52.8 ಲಕ್ಷ. ಸಾಲ 7 ಕೋಟಿಗೆ ಶೇ 9 ಬಡ್ಡಿ ಹಿಡಿದ್ರೆ 63 ಲಕ್ಷ. ಒಟ್ಟು ಮೊದಲ ವರ್ಷ 1.62 ಕೋಟಿ. ಇದನ್ನ ರಾಜ್ಯದ ಎಲ್ಲಾ ಗ್ರಾಹಕರ ಮೇಲೆ ಹಂಚಿ, ವರ್ಷಕ್ಕೆ 7,000 ಕೋಟಿ ಯೂನಿಟ್ ಅಂತ ಹಿಡಿದ್ರೆ ಯೂನಿಟ್ಟಿಗೆ ಪೈಸೆಯಲ್ಲಿ ನಲವತ್ತನೇ ಒಂದು ಭಾಗ. ತಿಂಗಳಿಗೆ 200 ಯೂನಿಟ್ ಸುಡೋ ಮನೆಗೆ ಐದು ಪೈಸೆ ಆಗಲ್ಲ.

ಸುಮ್ನೆ_ನೋಡ್ತೀನಿ
ಐದು ಪೈಸೆಗೆ ಇಷ್ಟು ಚರ್ಚೆನಾ ಗುರು

ಲೆಕ್ಕದ ಅಕ್ಕ
ಒಂದಕ್ಕೆ ಐದು ಪೈಸೆ. ಹೀಗೆ ಎಲ್ಲಾ ಸ್ಟೇಷನ್‌ಗಳ ಎಲ್ಲಾ ಸಾಮಾನು, ಪ್ರತಿ ವರ್ಷ, ಒಂದರ ಮೇಲೊಂದು ಸೇರ್ತಾ ಹೋಗುತ್ತೆ. ಅದಿರ್ಲಿ, ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ನನಗೆ ಯಾವಾಗ್ಲೂ ಕಿರಿಕಿರಿ ಮಾಡೋದು ಇದೇ.

ರಿಪೇರಿ ಮಾಡಿದ್ರೆ ಆ ಖರ್ಚು ನಿರ್ವಹಣೆ ಲೆಕ್ಕಕ್ಕೆ ಹೋಗುತ್ತೆ. ನಿರ್ವಹಣೆಗೆ ಆಯೋಗ ಮೊದಲೇ ಇಷ್ಟು ಅಂತ ನಾರ್ಮ್ ಫಿಕ್ಸ್ ಮಾಡಿರುತ್ತೆ, ಸ್ಟೇಷನ್ನಿನ ಒಂದೊಂದು ಬೇ (ಲೈನ್ ಬಂದು ಸೇರೋ ಭಾಗ) ಲೆಕ್ಕಕ್ಕೆ ಇಷ್ಟು, ಎಂವಿಎಗೆ (ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ) ಇಷ್ಟು, ಕಿಲೋಮೀಟರ್‌ಗೆ ಇಷ್ಟು. ಜಾಸ್ತಿ ಖರ್ಚಾದ್ರೆ ಕಂಪನಿ ಕೈಯಿಂದ. ಕಮ್ಮಿ ಮಾಡಿದ್ರೆ ಉಳಿದದ್ದು ಕಂಪನಿಗೆ. ಅದೇ ಹೊಸದು ತಂದು ಹಾಕಿದ್ರೆ ಅದು ಬಂಡವಾಳ, ಅದರ ಮೇಲೆ ವರ್ಷ ವರ್ಷ ಲಾಭ. ಈಗ ನೀವೇ ಹೇಳಿ, ಆಯಿಲ್ ಫಿಲ್ಟರ್ ಮಾಡೋಕೆ, ಬುಶಿಂಗ್ (ತಂತಿ ಟ್ಯಾಂಕ್ ಒಳಗೆ ಹೋಗೋ ಕಡೆ ಇರೋ ಇನ್ಸುಲೇಟರ್) ಬದಲಾಯಿಸೋಕೆ ಯಾರಿಗೆ ಆಸಕ್ತಿ ಇರುತ್ತೆ?

220ಕೆವಿ_ಹುಡುಗ
ಮೇಡಂ ಕ್ಷಮಿಸಿ ಇದು ಟೂ ಮಚ್. ಯಾವ ಇಂಜಿನಿಯರೂ ಶೇ 15.5 ಸಿಗುತ್ತೆ ಅಂತ ಟ್ರಾನ್ಸ್‌ಫಾರ್ಮರ್ ಸುಡಲಿ ಅಂತ ಬಿಡಲ್ಲ. ನಾನು ಸ್ಟೇಷನ್ನಲ್ಲಿ ಶಿಫ್ಟ್ ಮಾಡೋನು. ಟ್ರಾನ್ಸ್‌ಫಾರ್ಮರ್ ಟ್ರಿಪ್ ಆದ್ರೆ ರಾತ್ರಿ ಎರಡು ಗಂಟೆಗೆ ಫೋನ್ ಬರೋದು ನಮಗೆ, ಮಿನಿಸ್ಟರ್ ಕಡೆಯಿಂದ ಫೋನ್ ಬರೋದು ನಮ್ಮ ಸಾಹೇಬ್ರಿಗೆ. ವರ್ಷ ವರ್ಷ ಆಯಿಲ್ ಸ್ಯಾಂಪಲ್ ತೆಗೆದು ಡಿಜಿಎಗೆ (ಆಯಿಲಲ್ಲಿ ಕರಗಿರೋ ಗ್ಯಾಸ್ ಪರೀಕ್ಷೆ) ಕಳಿಸ್ತೀವಿ, ಅಸಿಟಿಲೀನ್ ಕಾಣಿಸ್ಕೊಂಡ್ರೆ ಒಳಗೆ ಆರ್ಕಿಂಗ್ ಇದೆ ಅಂತ ಗೊತ್ತಾಗುತ್ತೆ, ಆವಾಗ ನಿಲ್ಸಿ ಅಂತ ನಾವು ಬರೀತೀವಿ. ನಿಲ್ಸೋಕೆ ಲೋಡ್ ಎಲ್ಲಿಗೆ ಹಾಕೋದು? ಬೇಸಿಗೇಲಿ ಪಕ್ಕದ ಸ್ಟೇಷನ್ನೂ ಫುಲ್ ಲೋಡ್ ಇರುತ್ತೆ. ಸುಡೋದು ಇಂಥ ಕಾರಣಕ್ಕೆ, ಲಾಭಕ್ಕಲ್ಲ.

ಲೆಕ್ಕದ ಅಕ್ಕ
ಇಂಜಿನಿಯರ್ ಬಿಡ್ತಾನೆ ಅಂತ ನಾನು ಎಲ್ಲಿ ಹೇಳ್ದೆ? ಶಿಫ್ಟ್‌ನಲ್ಲಿರೋರ ಬಗ್ಗೆ ಅಲ್ಲ ಮಾತು. ಬಜೆಟ್ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಮೇಲೆ ಕೂತವರು ತೀರ್ಮಾನ ಮಾಡ್ತಾರೆ, ಅಲ್ಲಿ ಈ ರೂಲು ಕೆಲಸ ಮಾಡುತ್ತೆ. ನೀವು ನಿಲ್ಸಿ ಅಂತ ಬರೆದ ಕಾಗದಕ್ಕೆ ಏನಾಯ್ತು ಅಂತ ಆಯೋಗ ಕೇಳ್ಬೇಕು ಅನ್ನೋದೇ ನನ್ನ ವಾದ.

220ಕೆವಿ_ಹುಡುಗ
ಅದಾದ್ರೆ ಒಪ್ಪಿದೆ.

ಟ್ಯಾರಿಫ್ ತಜ್ಞ (ಸ್ವಘೋಷಿತ)
ಅಕ್ಕನ ಮಾತಿಗೆ ಎರಡು ತಿದ್ದುಪಡಿ. ಒಂದು, 15.5 ಎಲ್ಲದಕ್ಕೂ ಸಿಗಲ್ಲ. 2019ರ ಸಿಇಆರ್‌ಸಿ ನಿಯಮದಲ್ಲೇ ಮೂಲ ಯೋಜನೆ ವ್ಯಾಪ್ತಿ ಮೀರಿ ಆಮೇಲೆ ಸೇರಿಸಿದ ಬಂಡವಾಳಕ್ಕೆ, ಕಾನೂನು ಬದಲಾವಣೆಯಿಂದ ಆದದ್ದು ಬಿಟ್ಟು, ಸಾಲದ ಸರಾಸರಿ ಬಡ್ಡಿ ದರದಷ್ಟೇ ಲಾಭ ಅಂತ ಕಟ್ ಮಾಡಿದ್ರು. 2024ರಿಂದ ಹೊಸ ಪ್ರಸರಣ ಯೋಜನೆಗಳಿಗೆ ಶೇ 15. ಎರಡು, ಸುಟ್ಟು ಬಿದ್ದಿದ್ರೆ ಕಂಪನಿಗೆ ಆದಾಯನೂ ಕಟ್ ಆಗುತ್ತೆ. ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಪ್ರಸರಣ ಸಿಸ್ಟಮ್ ವರ್ಷದಲ್ಲಿ ಶೇ 98 ಸಮಯ ಲಭ್ಯ ಇರ್ಬೇಕು, ಅದಕ್ಕಿಂತ ಕಮ್ಮಿ ಆದ್ರೆ ಪೂರ್ತಿ ಚಾರ್ಜ್ ಸಿಗಲ್ಲ. ವರ್ಷಕ್ಕೆ ಎರಡು ಟ್ರಿಪ್ಪಿಂಗ್ ಮಾಫಿ, ಮೂರನೇದರಿಂದ ನಿಜವಾದ ಹೊತ್ತಿನ ಮೇಲೆ ಇನ್ನೂ 12 ಗಂಟೆ ಸೇರಿಸಿ ಲೆಕ್ಕ. ಅದಕ್ಕೇ ದೊಡ್ಡ ಕಂಪನಿಗಳು ಪ್ರಾದೇಶಿಕವಾಗಿ ಸ್ಪೇರ್ ಟ್ರಾನ್ಸ್‌ಫಾರ್ಮರ್ ಇಟ್ಕೊಂಡಿರ್ತವೆ.

ಮಲ್ನಾಡ್ ಮಂಜು
ಆ ಸ್ಪೇರ್‌ಗೆ ಯಾರು ಕಟ್ಟೋದು?

ಟ್ಯಾರಿಫ್ ತಜ್ಞ (ಸ್ವಘೋಷಿತ)
ಆಯೋಗ ಒಪ್ಪಿದ್ರೆ ನಾವೇ 😅 ಆದ್ರೆ ಅದು ಒಳ್ಳೇದೇ. ಇಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಅಂಗಡೀಲಿ ಸಿಗಲ್ಲ, ಆರ್ಡರ್ ಕೊಟ್ಟು ತಿಂಗಳುಗಟ್ಲೆ ಕಾಯ್ಬೇಕು. ಸ್ಪೇರ್ ಇಲ್ದೆ ಅಷ್ಟು ದಿನ ಕತ್ತಲೇಲಿ ಕೂರೋ ಖರ್ಚು ಅದಕ್ಕಿಂತ ಜಾಸ್ತಿ.

ಕುಡ್ಲದ ಕುವರ
ನಮ್ಮಲ್ಲಿ ಮಳೆ ಸುರು ಆದ್ರೆ ಮರ ಬೀಳುದು ಕಂಬ ಮುರಿಯುದು ಇದ್ದದ್ದೇ ಮಾರಾಯ್ರೆ. ಒಂದು ಡೌಟ್ ಉಂಟು. ಗಾಳಿಗೆ ಬಿದ್ರೆ ದೇವರ ಮೇಲೆ ಹಾಕುದು ಸರಿ, ಲಾರಿಯವ ಬಂದು ಟವರಿಗೋ ಕಂಬಕ್ಕೋ ಗುದ್ದಿದ್ರೆ? ಜೇಸಿಬಿಯವ ಕೇಬಲ್ ಕಿತ್ತು ಹಾಕಿದ್ರೆ? ಅದೂ ನಮ್ಮ ಬಿಲ್ಲಿಗಾ?

ವಕೀಲ್ ಸಾಬ್
ಅಲ್ಲ. ಹಾನಿ ಮಾಡಿದವನ ಹತ್ರ ವಸೂಲು ಮಾಡ್ಬೇಕು. ಎಸ್ಟಿಮೇಟ್ ಹಾಕ್ತಾರೆ, ಎಫ್‌ಐಆರ್ ಆಗುತ್ತೆ, ವಾಹನಕ್ಕೆ ಇನ್ಶೂರೆನ್ಸ್ ಇದ್ರೆ ಥರ್ಡ್ ಪಾರ್ಟಿ ಆಸ್ತಿ ಹಾನಿ ಭಾಗದಲ್ಲಿ ಬರುತ್ತೆ, ಸಾಮಾನ್ಯವಾಗಿ ಅದಕ್ಕೆ 7.5 ಲಕ್ಷದ ಮಿತಿ. ಕಂಬಕ್ಕೆ ಸಾಕು, 400 ಕೆವಿ ಟವರಿಗೆ ಸಾಲಲ್ಲ, ಉಳಿದದ್ದಕ್ಕೆ ಮಾಲೀಕನ ಮೇಲೆ ಕೇಸು. ಇನ್ನು ವಿದ್ಯುತ್ ಕಾಯ್ದೆ 2003 ಸೆಕ್ಷನ್ 139 ಅಂತ ಒಂದಿದೆ, ಅಜಾಗರೂಕತೆಯಿಂದ ವಿದ್ಯುತ್ ಸಾಮಗ್ರಿ ಹಾಳು ಮಾಡಿದ್ರೆ ದಂಡ. ಎಷ್ಟು ಗೊತ್ತಾ? ಹೆಚ್ಚೆಂದ್ರೆ ಹತ್ತು ಸಾವಿರ ರೂಪಾಯಿ.

ಕುಡ್ಲದ ಕುವರ
ಹತ್ತು ಸಾವಿರವಾ!! ಅದರಲ್ಲಿ ಜೇಸಿಬಿಗೆ ಡೀಸೆಲ್ ಹಾಕ್ಲಿಕ್ಕೂ ಆಗುದಿಲ್ಲ ಸರಿಯಾಗಿ

ಹುಬ್ಬಳ್ಳಿ ಎಕ್ಸ್‌ಪ್ರೆಸ್
ಮತ್ತ ಆಂಗಲ್ ಕಳ್ಳರು? ಟವರ್ ಕಾಲಿನ ಆಂಗಲ್ ಬಿಚ್ಕೊಂಡು ಗುಜರಿಗೆ ಹಾಕ್ತಾರ. ಆಮ್ಯಾಲ ಗಾಳಿ ಬಂದ್ರ ಟವರ್ ಮಕ್ಕೊಳ್ತದ. ಇದು ಗಾಳಿ ತಪ್ಪೋ ಕಳ್ಳನ ತಪ್ಪೋ ಕಾವಲು ಹಾಕಲಾರದ ಕಂಪನಿ ತಪ್ಪೋ?

ವಕೀಲ್ ಸಾಬ್
ಒಳ್ಳೆ ಪ್ರಶ್ನೆ. ಕಳ್ಳನಿಗೆ ಸೆಕ್ಷನ್ 136, ಮೂರು ವರ್ಷದವರೆಗೆ ಜೈಲು. ದುಡ್ಡಿನ ವಿಷಯದಲ್ಲಿ ಆಯೋಗ ನೋಡೋದು, ಕಂಪನಿ ತನ್ನ ಕೈಲಾಗೋ ಎಚ್ಚರಿಕೆ ತಗೊಂಡಿತ್ತಾ ಅಂತ. ಫೋರ್ಸ್ ಮೆಜೂರ್ (ಕೈ ಮೀರಿದ ಘಟನೆ) ಅಂತ ಬರೆದ ಮಾತ್ರಕ್ಕೆ ಆಗಲ್ಲ. ಒಪ್ಪಿಕೊಂಡ್ರೆ ಎರಡು ಲಾಭ ಕಂಪನಿಗೆ: ಬದಲಾಯಿಸಿದ ಖರ್ಚು ಬಂಡವಾಳಕ್ಕೆ ಸೇರುತ್ತೆ, ಜೊತೆಗೆ ಲೈನ್ ಬಿದ್ದಿದ್ದ ದಿನಗಳನ್ನ ಆ 98ರ ಲೆಕ್ಕದಲ್ಲಿ ಬಿದ್ದೇ ಇಲ್ಲ ಅನ್ನೋ ಹಾಗೆ ನೋಡ್ತಾರೆ. ಅದಕ್ಕೇ ಎಲ್ರೂ ಮೊದಲು "ಭಾರೀ ಬಿರುಗಾಳಿ" ಅಂತಲೇ ಶುರು ಮಾಡೋದು. ಹವಾಮಾನ ಇಲಾಖೆ ದಾಖಲೆ, ಟವರ್ ಡಿಸೈನ್ ಎಷ್ಟು ಗಾಳಿಗೆ ಅಂತ, ಎಲ್ಲಾ ತರಿಸಿ ನೋಡ್ಬೇಕು. ಆ ಗಾಳಿ ಡಿಸೈನ್ ಮಿತಿ ಒಳಗೇ ಇದ್ರೆ ದೇವರನ್ನ ಎಳೀಬೇಡಿ ಅಂತ ಹೇಳ್ಬೇಕು.

ನಿವೃತ್ತ ಎಇಇ
ಇದನ್ನ ನಾನೂ ಒಪ್ತೀನಿ. ಆದ್ರೆ ನಿಜವಾದ ಚಂಡಮಾರುತ ಬಂದಾಗ ಆ ಮಾತು ಬೇರೆ. 2014ರ ಅಕ್ಟೋಬರಲ್ಲಿ ಹುದ್‌ಹುದ್ ವಿಶಾಖಪಟ್ಟಣಕ್ಕೆ ಹೊಡೀತು, 2019ರ ಮೇ 3ಕ್ಕೆ ಫನಿ ಪುರಿಗೆ. ದೊಡ್ಡ ಟವರ್‌ಗಳೇ ಉರುಳಿ ಹೋಗಿದ್ವು. ಅಂಥ ಹೊತ್ತಲ್ಲಿ ಮೊದಲು ಕರೆಂಟ್ ಕೊಡೋದು, ಲೆಕ್ಕ ಆಮೇಲೆ.

ಟ್ಯಾರಿಫ್ ತಜ್ಞ (ಸ್ವಘೋಷಿತ)
ಇನ್ನೊಂದು ಜಾತಿ ಬಗ್ಗೆ ಯಾರೂ ಹೇಳ್ಲಿಲ್ಲ. ಈಗ ಬರೋ ದೊಡ್ಡ ಲೈನ್‌ಗಳಲ್ಲಿ ಬಹಳಷ್ಟು ಹರಾಜಲ್ಲಿ ಹೋಗ್ತವೆ, ಸೆಕ್ಷನ್ 63 ಪ್ರಕಾರ. ಯಾರು ವರ್ಷಕ್ಕೆ ಕಮ್ಮಿ ಚಾರ್ಜ್ ಕೇಳ್ತಾರೋ ಅವರಿಗೆ 35 ವರ್ಷಕ್ಕೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ರೆ ಹರಾಜಲ್ಲಿ ಗೆದ್ದ ಕಂಪನಿನೇ ಕಟ್ಬೇಕು, ಬಿಡ್ ಹಾಕುವಾಗಲೇ ಆ ರಿಸ್ಕ್ ಸೇರಿಸಿರ್ತಾನೆ. ಇನ್ಶೂರೆನ್ಸ್ ಮಾಡಿಸ್ಲೇಬೇಕು ಅಂತ ಒಪ್ಪಂದದಲ್ಲೇ ಇರುತ್ತೆ. ಆಯೋಗದ ಮುಂದೆ ಬಂದು "ಹೊಸದು ತಂದೆ, ಟ್ಯಾರಿಫ್ ಏರಿಸಿ" ಅನ್ನೋ ಹಾಗಿಲ್ಲ. ಮೇಲೆ ಅಕ್ಕ ಹೇಳಿದ ರಿಪೇರಿ ವರ್ಸಸ್ ಬದಲಾವಣೆ ಸಮಸ್ಯೆ ಅಲ್ಲಿ ಇಲ್ಲವೇ ಇಲ್ಲ. ಕೈಯಿಂದ ಹೋಗೋದಾದ್ರೆ ಎಲ್ರೂ ಬುಶಿಂಗ್ ಚೆಕ್ ಮಾಡ್ತಾರೆ.

220ಕೆವಿ_ಹುಡುಗ
ಕಮ್ಮಿಗೆ ಬಿಡ್ ಹಾಕಿ ಆಮೇಲೆ ಕಮ್ಮಿ ಸಾಮಾನು ಹಾಕ್ತಾರೆ, ಅದನ್ನೂ ಹೇಳಿ.

ಟ್ಯಾರಿಫ್ ತಜ್ಞ (ಸ್ವಘೋಷಿತ)
ಸ್ಪೆಸಿಫಿಕೇಶನ್ ಟೆಂಡರಲ್ಲೇ ಇರುತ್ತೆ ಸಾರ್. ಅದನ್ನ ಪಾಲಿಸ್ತಾರಾ ಅಂತ ನೋಡೋರು ನೋಡ್ಬೇಕು, ಅದು ಸರ್ಕಾರಿ ಕಂಪನಿಗೂ ಅನ್ವಯಿಸುತ್ತೆ.

ಸ್ಯಾನ್‌ಹೋಸೆ ಶೆಟ್ರು
ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇದೇ ಜಗಳ, ಸೈಜ್ ಮಾತ್ರ ದೊಡ್ಡದು. 2018ರ ನವೆಂಬರ್‌ನಲ್ಲಿ ಕ್ಯಾಂಪ್ ಫೈರ್ ಅಂತ ಪ್ಯಾರಡೈಸ್ ಊರನ್ನೇ ಸುಟ್ಟ ಬೆಂಕಿ, 85 ಜನ ಸತ್ರು. ಶುರುವಾಗಿದ್ದು ಪಿಜಿ&ಇ ಕಂಪನಿಯ ಹಳೇ ಪ್ರಸರಣ ಲೈನಲ್ಲಿ ಸವೆದು ತುಂಡಾದ ಒಂದು ಕೊಕ್ಕೆಯಿಂದ, ಆ ಟವರ್‌ಗೆ ಹತ್ತಿರ ಹತ್ತಿರ ನೂರು ವರ್ಷ. ಕಂಪನಿ 2019ರಲ್ಲಿ ದಿವಾಳಿ ಅರ್ಜಿ ಹಾಕ್ತು, 2020ರಲ್ಲಿ ಕೋರ್ಟಲ್ಲಿ 84 ಜನರ ಸಾವಿಗೆ ತಪ್ಪೊಪ್ಪಿಕೊಳ್ತು.

ನಿಮ್ಮ ಚರ್ಚೆಗೆ ಸಂಬಂಧಪಟ್ಟ ಭಾಗ ಇದು: 2019ರಲ್ಲಿ ಎಬಿ 1054 ಅಂತ ಕಾನೂನು ಮಾಡಿದ್ರು. ಬೆಂಕಿ ತಡೆಯೋ ಕೆಲಸಕ್ಕೆ ಮೂರು ದೊಡ್ಡ ಕಂಪನಿ ಹಾಕೋ ಮೊದಲ 5 ಬಿಲಿಯನ್ ಡಾಲರ್ ಬಂಡವಾಳದ ಮೇಲೆ ಈಕ್ವಿಟಿ ಲಾಭ ತಗೊಳ್ಳೋ ಹಾಗಿಲ್ಲ ಅಂತ. ಖರ್ಚು ಗ್ರಾಹಕರಿಂದ ಬರುತ್ತೆ, ಲಾಭ ಮಾತ್ರ ಇಲ್ಲ. ಲೆಕ್ಕದ ಅಕ್ಕ ಹೇಳೋ ಕಾಯಿಲೆಗೆ ಇದೊಂದು ಔಷಧಿ. ಹಾಗಂತ ನಮ್ಮ ಬಿಲ್ ಕಮ್ಮಿ ಆಗಿದೆ ಅನ್ಕೋಬೇಡಿ, ಇಲ್ಲಿ ಕರೆಂಟ್ ಬಿಲ್ ನೋಡಿದ್ರೆ ಊರಿಗೆ ವಾಪಸ್ ಬರೋಣ ಅನ್ಸುತ್ತೆ.

ಸುಮ್ನೆ_ನೋಡ್ತೀನಿ
ಬನ್ನಿ ಬನ್ನಿ ಇಲ್ಲಿ 200 ಯೂನಿಟ್ ಫ್ರೀ

ಲಂಡನ್ ಲಕ್ಷ್ಮಿ
ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಹೀಥ್ರೂ ಏರ್‌ಪೋರ್ಟ್ ಒಂದಿಡೀ ದಿನ ಹೆಚ್ಚೂಕಮ್ಮಿ ಮುಚ್ಚಿತ್ತಲ್ಲ, ನೆನಪಿದ್ಯಾ, 1,300ಕ್ಕೂ ಹೆಚ್ಚು ವಿಮಾನಕ್ಕೆ ತೊಂದರೆ ಆಯ್ತು. ನಾರ್ತ್ ಹೈಡ್ ಸಬ್‌ಸ್ಟೇಷನ್ನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದಕ್ಕೆ. ಜುಲೈನಲ್ಲಿ ಬಂದ ತನಿಖಾ ವರದಿ ಪ್ರಕಾರ ಬುಶಿಂಗ್ ಒಳಗೆ ತೇವ ಸೇರಿ ಫೇಲ್ ಆಗಿರೋ ಸಾಧ್ಯತೆನೇ ಹೆಚ್ಚು, ಆ ತೇವ 2018ರಲ್ಲೇ ಆಯಿಲ್ ಸ್ಯಾಂಪಲ್‌ನಲ್ಲಿ ಕಾಣಿಸ್ಕೊಂಡಿತ್ತು, ಮಾಡ್ಬೇಕಾದ ಕೆಲಸ ಮಾಡಿರ್ಲಿಲ್ಲ. ಇಲ್ಲಿನ ಆಯೋಗ ಆಫ್‌ಜೆಮ್ ಕೂಡ್ಲೇ ಪ್ರಸರಣ ಕಂಪನಿ ನ್ಯಾಷನಲ್ ಗ್ರಿಡ್ ಮೇಲೆ ವಿಚಾರಣೆ ಶುರು ಮಾಡ್ತು. ಇಲ್ಲಿ ಪದ್ಧತಿ ಬೇರೆ, ಐದು ವರ್ಷಕ್ಕೆ ಇಷ್ಟು ಖರ್ಚು ಅಂತ ಮೊದಲೇ ಒಪ್ಪಿರ್ತಾರೆ, ರಿಪೇರಿ ಆಗ್ಲಿ ಹೊಸದಾಗ್ಲಿ ಒಂದೇ ಗಂಟಲ್ಲಿ, ಜಾಸ್ತಿ ಆದ್ರೆ ಆ ಜಾಸ್ತಿಯನ್ನ ಕಂಪನಿ ಗ್ರಾಹಕ ಇಬ್ರೂ ಹಂಚ್ಕೋಬೇಕು. 220ಕೆವಿ ಹುಡುಗ ಅವರು ಹೇಳಿದ ಡಿಜಿಎ ಕಾಗದದ ಕಥೆ ಓದಿದಾಗ ಇದೇ ನೆನಪಾಯ್ತು.

220ಕೆವಿ_ಹುಡುಗ
ನೋಡಿ, ಹೀಥ್ರೂ ಆದ್ರೂ ಅಷ್ಟೇ ನಮ್ಮ ಸ್ಟೇಷನ್ ಆದ್ರೂ ಅಷ್ಟೇ. ಸ್ಯಾಂಪಲ್ ತೆಗೆಯೋನ ಮಾತು ಯಾರೂ ಕೇಳಲ್ಲ.

ರಾಗಿಮುದ್ದೆ ರಾಜ
ಯಾರು ಕಟ್ತಾರೆ ಅಂದ್ರೆ ಟ್ಯಾಕ್ಸ್ ಕಟ್ಟೋ ನಾವು. ಗೃಹಜ್ಯೋತಿ ತಗೊಂಡು ಎಸಿ ಹಾಕ್ಕೊಂಡು ಮಲಗಿರೋರಲ್ಲ.

ಬೋರ್‌ವೆಲ್ ಬಸ್ಯಾ
ಹಂಗಾರ 2008ರಿಂದ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಫ್ರೀ ಕೊಟ್ಟಾರ, ನಮ್ಮನ್ನೂ ಬಯ್ರಿ. ಅನ್ನ ಉಣ್ಣೂದು ಮಾತ್ರ ಬಿಡಬ್ಯಾಡ್ರಿ.

ರಾಗಿಮುದ್ದೆ ರಾಜ
ನಾನು ರೈತರ ಬಗ್ಗೆ ಹೇಳಿಲ್ಲ ಅಣ್ಣ

ಹುಬ್ಬಳ್ಳಿ ಎಕ್ಸ್‌ಪ್ರೆಸ್
ಸುರು ಆತ್ ನೋಡು

ನಿರ್ವಾಹಕ
ಗ್ಯಾರಂಟಿ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಟ್ರಾನ್ಸ್‌ಫಾರ್ಮರ್.

ಲೆಕ್ಕದ ಅಕ್ಕ
ರಾಜ ಅವರು ಗೊತ್ತಿಲ್ದೇನೆ ಒಂದು ಸರಿಯಾದ ಜಾಗಕ್ಕೆ ಕೈ ಹಾಕಿದಾರೆ. ಆಯೋಗ "ಇದು ನಿಮ್ಮ ಅಜಾಗರೂಕತೆ, ಗ್ರಾಹಕರ ಮೇಲೆ ಹಾಕಲ್ಲ" ಅಂತ ತಿರಸ್ಕಾರ ಮಾಡ್ತು ಅನ್ಕೊಳ್ಳಿ. ಕೆಪಿಟಿಸಿಎಲ್ ಪೂರ್ತಿ ರಾಜ್ಯ ಸರ್ಕಾರದ್ದು. ನಷ್ಟ ಯಾರಿಗೆ? ಶೇರುದಾರರಿಗೆ, ಅಂದ್ರೆ ಸರ್ಕಾರಕ್ಕೆ, ಅಂದ್ರೆ ತಿರುಗಿ ನಮಗೇ. ಪವರ್‌ಗ್ರಿಡ್ ಆದ್ರೆ ಕೇಂದ್ರ ಸರ್ಕಾರದ್ದು ಶೇ 51.34, ಉಳಿದದ್ದು ಮಾರುಕಟ್ಟೆ ಶೇರುದಾರರದ್ದು, ಅಲ್ಲಿ ಪೆಟ್ಟು ಸ್ವಲ್ಪ ಬೇರೆಯವರಿಗೂ ಬೀಳುತ್ತೆ.

ಸುಮ್ನೆ_ನೋಡ್ತೀನಿ
ನಾನು ಎರಡನೇ ಕಾಮೆಂಟಲ್ಲೇ ಇದನ್ನ ಹೇಳಿದ್ದೆ, ಯಾರೂ ಲೈಕ್ ಕೊಡ್ಲಿಲ್ಲ

ಟ್ಯಾರಿಫ್ ತಜ್ಞ (ಸ್ವಘೋಷಿತ)
ಹಾಗಂತ ತಿರಸ್ಕಾರ ಮಾಡೋದೇ ದಂಡ ಅನ್ನೋದಲ್ಲ. ಸರ್ಕಾರದ ಬೊಕ್ಕಸದಿಂದ ಹೋಗ್ಬೇಕು ಅಂದ್ರೆ ಹಣಕಾಸು ಇಲಾಖೆ ಕೇಳುತ್ತೆ, ಆಡಿಟ್ ಪ್ಯಾರಾ ಬರುತ್ತೆ, ಎಂಡಿ ಉತ್ತರ ಕೊಡ್ಬೇಕು. ಟ್ಯಾರಿಫಲ್ಲಿ ಕರಗಿ ಹೋದ್ರೆ ಯಾರೂ ಕೇಳಲ್ಲ. ದುಡ್ಡು ಕೊನೆಗೆ ಒಂದೇ ಜೇಬಿಂದ ಬಂದ್ರೂ ದಾರಿ ಬೇರೆ ಆದಾಗ ಉತ್ತರ ಕೊಡೋನೂ ಬೇರೆ ಆಗ್ತಾನೆ.

ಮಲ್ನಾಡ್ ಮಂಜು
ಇನ್ಶೂರೆನ್ಸ್ ವಿಷಯ ಅರ್ಧಕ್ಕೇ ನಿಂತೋಯ್ತು. ಎಲ್ಲಾ ಟವರಿಗೂ ಇನ್ಶೂರೆನ್ಸ್ ಮಾಡಿಸ್ತಾರಾ?

ಲೆಕ್ಕದ ಅಕ್ಕ
ದೇಶ ತುಂಬಾ ಹರಡಿರೋ ಲೈನಿಗೆಲ್ಲ ಪಾಲಿಸಿ ತಗೊಂಡ್ರೆ ಪ್ರೀಮಿಯಮ್ಮೇ ತಿಂದಾಕುತ್ತೆ. ಪವರ್‌ಗ್ರಿಡ್ ಬಹುಪಾಲು ಆಸ್ತಿಗೆ ಸ್ವಯಂ ವಿಮೆ ನಿಧಿ ಅಂತ ತಾನೇ ಎತ್ತಿಡುತ್ತೆ, ಆಸ್ತಿ ಮೂಲ ಬೆಲೆಯ ಶೇ 0.12 ವರ್ಷಕ್ಕೆ. ಇಲ್ಲಿ ಗ್ರಾಹಕರ ಕಡೆಯಿಂದ ಕೇಳಬೇಕಾದದ್ದು ಒಂದೇ: ಅಂಥ ನಿಧಿ ಇದ್ದಾಗ ಸುಟ್ಟೋದದ್ದಕ್ಕೆ ಮೊದಲು ಅದರಿಂದ ತೆಗೆದ್ರಾ, ಪಾಲಿಸಿ ಇದ್ರೆ ಕ್ಲೇಮ್ ಹಣ ಕಳೆದು ಉಳಿದದ್ದನ್ನ ಮಾತ್ರ ಬಂಡವಾಳಕ್ಕೆ ಸೇರಿಸಿದ್ರಾ. ಕ್ಲೇಮ್ ಬರೋದು ತಡ ಆಗುತ್ತೆ, ಅಷ್ಟರಲ್ಲಿ ಹೊಸದರ ಪೂರ್ತಿ ಬೆಲೆ ಸೇರಿರುತ್ತೆ, ಆಮೇಲೆ ಕ್ಲೇಮ್ ಬಂದಾಗ ಕಳೆದ್ರಾ ಅಂತ ಟ್ರೂಯಿಂಗ್ ಅಪ್ (ನಿಜವಾದ ಖರ್ಚಿಗೆ ಲೆಕ್ಕ ಸರಿಹೊಂದಿಸೋದು) ಹೊತ್ತಲ್ಲಿ ಹುಡುಕಿ ನೋಡ್ಬೇಕು.

ಗುಜರಿ ಗಣೇಶ
ಯಾರೂ ಕೇಳದೇ ಇರೋ ಪ್ರಶ್ನೆ ನಾನು ಕೇಳ್ತೀನಿ. ಹಳೇ ಟ್ರಾನ್ಸ್‌ಫಾರ್ಮರಲ್ಲಿ ಟನ್‌ಗಟ್ಲೆ ತಾಮ್ರ, ಸಿಲಿಕಾನ್ ಸ್ಟೀಲ್, ಸಾವಿರಾರು ಲೀಟರ್ ಆಯಿಲ್ ಇರುತ್ತೆ. ಅದರ ದುಡ್ಡು?

ನಿವೃತ್ತ ಎಇಇ
ಸ್ಕ್ರ್ಯಾಪ್ ಹರಾಜಾಗುತ್ತೆ, ಸ್ಟೋರ್ಸ್ ಡಿವಿಷನ್ ಮಾಡುತ್ತೆ, ಆ ದುಡ್ಡು ಕಂಪನಿ ಇತರೆ ಆದಾಯಕ್ಕೆ ಬರುತ್ತೆ, ಅದನ್ನ ಒಟ್ಟು ಬೇಕಾದ ಆದಾಯದಿಂದ ಕಳೀತಾರೆ. ಸವಕಳಿ ಕೂಡ ಶೇ 90ಕ್ಕೇ ನಿಲ್ಸೋದು, ಉಳಿದ 10 ಸ್ಕ್ರ್ಯಾಪ್ ಬೆಲೆ ಅಂತ ಬಿಟ್ಟಿರೋದು.

ಗುಜರಿ ಗಣೇಶ
ತಾಮ್ರದ ರೇಟು ಈಗ ಎಲ್ಲಿಗೆ ಹೋಗಿದೆ ನೋಡಿ ಸಾರ್. ನಾವು ವ್ಯಾಪಾರ ಮಾಡೋರು, ಹತ್ತು ಪರ್ಸೆಂಟ್ ಅಂತ ಯಾವ ಕಾಲದಲ್ಲಿ ಬರೆದಿಟ್ರೋ. ಸುಟ್ಟ ವೈಂಡಿಂಗ್ ಆದ್ರೂ ತಾಮ್ರ ತಾಮ್ರನೇ.

ಲೆಕ್ಕದ ಅಕ್ಕ
ಗಣೇಶ್ ಅವರ ಪಾಯಿಂಟ್ ಬರ್ಕೊಂಡೆ, ಆಕ್ಷೇಪಣೆಗೆ ಹಾಕ್ತೀನಿ.

ತೆಂಗಿನತೋಟ
ಆಕ್ಷೇಪಣೆ ಅಂದ್ರೆ? ನಾವು ಹಾಕ್ಬಹುದಾ?

ವಕೀಲ್ ಸಾಬ್
ಯಾರು ಬೇಕಾದ್ರೂ. ಸಾಮಾನ್ಯವಾಗಿ ನವೆಂಬರ್ ಕೊನೆಗೆ ಕೆಪಿಟಿಸಿಎಲ್, ಎಸ್ಕಾಂಗಳು ಅರ್ಜಿ ಹಾಕ್ತವೆ. ಪೇಪರಲ್ಲಿ ಪ್ರಕಟಣೆ ಬರುತ್ತೆ, ಕೆಇಆರ್‌ಸಿ ವೆಬ್‌ಸೈಟಲ್ಲಿ ಪೂರ್ತಿ ಅರ್ಜಿ ಇರುತ್ತೆ. ಕನ್ನಡದಲ್ಲಿ ಬರೆದು ಕಳಿಸ್ಬಹುದು, ಸಾರ್ವಜನಿಕ ವಿಚಾರಣೆಗೆ ಹೋಗಿ ಮಾತಾಡ್ಬಹುದು. ವಕೀಲ ಬೇಕಿಲ್ಲ (ನಾನೇ ಹೇಳ್ತಿದೀನಿ ನೋಡಿ). ಬಹಳ ಜನ ಹೋಗಿ "ರೇಟು ಏರಿಸ್ಬೇಡಿ" ಅಂತ ಭಾಷಣ ಮಾಡಿ ಬರ್ತಾರೆ, ಅದಕ್ಕೆ ಆದೇಶದಲ್ಲಿ ಒಂದೇ ಸಾಲು ಉತ್ತರ ಬರುತ್ತೆ. ಈ ವರ್ಷ ಬದಲಾಯಿಸಿದ ಪವರ್ ಟ್ರಾನ್ಸ್‌ಫಾರ್ಮರ್ ಪಟ್ಟಿ ಕೊಡಿ, ಯಾಕೆ ಫೇಲ್ ಆಯ್ತು ಅನ್ನೋ ವರದಿ ಕೊಡಿ, ಹಳೇದನ್ನ ಯಾವ ತಾರೀಖಿಗೆ ಪುಸ್ತಕದಿಂದ ತೆಗೆದ್ರಿ ಹೇಳಿ ಅಂತ ಕೇಳಿದ್ರೆ ಆಯೋಗನೂ ಕಂಪನಿಗೆ ತಿರುಗಿಸಿ ಕೇಳ್ಲೇಬೇಕಾಗುತ್ತೆ.

220ಕೆವಿ_ಹುಡುಗ
ಫೇಲ್ಯೂರ್ ವರದಿ ಜೊತೆ ಹಿಂದಿನ ಮೂರ್ನಾಕು ವರ್ಷದ ಡಿಜಿಎ ರಿಪೋರ್ಟೂ ಕೇಳಿ. ನಾನು ಹೇಳ್ದೆ ಅಂತ ಹೇಳ್ಬೇಡಿ.

ಬೋರ್‌ವೆಲ್ ಬಸ್ಯಾ
ವಕೀಲ್ ಸಾಹೇಬ್ರ, ಆ ವಿಚಾರಣಾದಾಗ ಟಿಸಿ ಹೇರಿದ ಟ್ರ್ಯಾಕ್ಟರ್ ಬಾಡಗಿ ವಾಪಸ್ ಕೇಳಬಹುದೇನು? ರಸೀದಿ ಇಲ್ರಿ, ಆದ್ರ ಊರ ಮಂದಿ ಎಲ್ಲಾ ಸಾಕ್ಷಿ ಹೇಳ್ತಾರ.

ವಕೀಲ್ ಸಾಬ್
ಅದಕ್ಕೆ ಬೇರೆ ಕಡೆ ಹೋಗ್ಬೇಕು ಬಸವಣ್ಣ, ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಅಂತ ಇದೆ. ಟಿಸಿ ಸುಟ್ಟ ತಾರೀಖು, ದೂರು ಕೊಟ್ಟ ನಂಬರು, ಹೊಸದು ಬಂದ ತಾರೀಖು ಇಷ್ಟು ಇಟ್ಕೊಂಡು ಮೆಸೇಜ್ ಮಾಡಿ. ಮುಂದಿನ ಸಲ ಟ್ರ್ಯಾಕ್ಟರ್‌ಗೆ ಕೊಟ್ಟ ದುಡ್ಡಿಗೆ ಒಂದು ಚೀಟಿ ಆದ್ರೂ ಬರೆಸ್ಕೊಳ್ಳಿ.

ಬೋರ್‌ವೆಲ್ ಬಸ್ಯಾ
ಮುಂದಿನ ಸಲ ಅಂದ್ರ ಮಾರ್ಚ್‌ದಾಗs ಬರ್ತೈತಿ ಬಿಡ್ರಿ, ಮೆಸೇಜ್ ಹಾಕೇನಿ ನೋಡ್ರಿ.